ಜನರಲ್‌ಗಳ ಮಿತ್ರ, ಜನರ ಅಮಾನತ್

ನೈಜೀರಿಯದಲ್ಲಿ ಜೂನ್ 12 ಪ್ರಜಾಪ್ರಭುತ್ವ ದಿನ. 2018ರವರೆಗೂ ಈ ದಿನವನ್ನು ಅಲ್ಲಿ ಮೇ 29ರಂದು ಆಚರಿಸಲಾಗುತ್ತಿತ್ತು. 2019ರಿಂದ ದಿನಾಂಕ ಬದಲಾಯಿತು. ಒಂದು ದೇಶವು ತನ್ನ ರಾಷ್ಟ್ರೀಯ ದಿನವನ್ನು ಒಬ್ಬ ವ್ಯಕ್ತಿಯ ನೆನಪಿಗಾಗಿ ಬದಲಿಸಿಕೊಳ್ಳುವುದು ಸಾಮಾನ್ಯ ಸಂಗತಿಯೇನಲ್ಲ. ಅದರಲ್ಲೂ ಆ ವ್ಯಕ್ತಿ ದೇಶದ ಅಧ್ಯಕ್ಷರಾಗಿ ಒಂದು ದಿನವೂ ಆಳಿದವರಲ್ಲ. ಅವರು ವ್ಯಾಪಾರಿ, ಆಫ್ರಿಕಾದ ಅತಿ ಶ್ರೀಮಂತರಲ್ಲೊಬ್ಬರು. ಸೇನಾಡಳಿತಗಾರರ ಔತಣಕೂಟಗಳಲ್ಲಿ ಮುಂದಿನ ಸಾಲಿನ ಅತಿಥಿ. ಮೊಶೂದ್ ಕಶಿಮಾವೊ ಒಲವಾಲೆ ಅಬಿಯೋಲ ಎಂಬ ಈ ಮನುಷ್ಯನನ್ನು ಹುತಾತ್ಮನೆಂದು ಕೊಂಡಾಡುವವರೂ ಇದ್ದಾರೆ, ಲೂಟಿಕೋರ ಕಂಪೆನಿಯ ದಲ್ಲಾಳಿಯೆಂದು ಜರೆದವರೂ ಇದ್ದಾರೆ. ಎರಡೂ ಮಾತುಗಳಿಗೆ ಆಧಾರಗಳಿವೆ ಎಂಬುದೇ ಅವರ ಬದುಕನ್ನು ಇಂದು ಮತ್ತೆ ಓದಬೇಕೆಂದು ನಮಗನಿಸಲು ಕಾರಣ.

ಅಬಿಯೋಲ ಹುಟ್ಟಿದ್ದು 1937ರ ಆಗಸ್ಟ್ 24ರಂದು, ನೈಜೀರಿಯದ ನೈಋತ್ಯ ಭಾಗದ ಅಬೆಯೋಕುಟ ಪಟ್ಟಣದಲ್ಲಿ, ಬಡ ಯೊರುಬಾ ಮುಸ್ಲಿಮ್ ಕುಟುಂಬವೊಂದರಲ್ಲಿ. ತಂದೆಗೆ ಅವರು ಇಪ್ಪತ್ತಮೂರನೆಯ ಮಗು. ಅವರಿಗಿಂತ ಮೊದಲು ಹುಟ್ಟಿದವರಾರೂ ಶೈಶವವನ್ನು ದಾಟಿರಲಿಲ್ಲ. ಈ ಮಗುವಾದರೂ ಉಳಿದೀತೇ ಎಂಬ ಆತಂಕದಲ್ಲಿ ಹೆತ್ತವರು ಅವರನ್ನು ಕಶಿಮಾವೊ ಎಂದು ಕರೆದರು. ಕಾದು ನೋಡೋಣ ಎಂಬುದು ಅದರ ಅರ್ಥ. ಮೊಶೂದ್ ಎಂಬ ಹೆಸರನ್ನಿಟ್ಟದ್ದು ಹುಡುಗನಿಗೆ ಹದಿನೈದು ವರ್ಷವಾದ ಮೇಲೆ. ಒಂಬತ್ತನೆಯ ವಯಸ್ಸಿನಲ್ಲಿಯೇ ಆತ ಬೆಳಗಿನ ಜಾವ ಕಾಡಿಗೆ ಹೋಗಿ ಸೌದೆ ಆಯ್ದು ತಂದು, ಮಾರಿ, ಅನಂತರ ಶಾಲೆಗೆ ಹೋಗುತ್ತಿದ್ದ. ಹರೆಯದಲ್ಲಿ ಸಣ್ಣದೊಂದು ವಾದ್ಯತಂಡ ಕಟ್ಟಿ, ಸಮಾರಂಭಗಳಲ್ಲಿ ನುಡಿಸಿ, ಸಂಭಾವನೆಯಾಗಿ ಊಟ ಪಡೆಯುತ್ತಿದ್ದ. ಅಬೆಯೋಕುಟದ ಬ್ಯಾಪ್ಟಿಸ್ಟ್ ಮಿಷನ್ನಿನ ಪ್ರೌಢಶಾಲೆಯಲ್ಲಿ ಅವರು ಶಾಲಾಪತ್ರಿಕೆಯ ಸಂಪಾದಕರಾಗಿದ್ದಾಗ ಉಪಸಂಪಾದಕನಾಗಿದ್ದ ಹುಡುಗನ ಹೆಸರು ಒಲುಸೆಗುನ್ ಒಬಸಾಂಜೊ. ಮುಂದೆ ಆ ಹುಡುಗ ಸೇನಾಡಳಿತಗಾರನಾಗಿಯೂ ಚುನಾಯಿತ ಅಧ್ಯಕ್ಷನಾಗಿಯೂ ನೈಜೀರಿಯವನ್ನು ಎರಡು ಬಾರಿ ಆಳಿದರು.

ಬ್ಯಾಂಕಿನ ಗುಮಾಸ್ತಗಿರಿಯಿಂದ ಆರಂಭಿಸಿ, ವಿದ್ಯಾರ್ಥಿವೇತನ ಪಡೆದು ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋದಲ್ಲಿ ಲೆಕ್ಕಶಾಸ್ತ್ರ ಓದಿ, ಚಾರ್ಟರ್ಡ್ ಅಕೌಂಟೆಂಟ್ ಆಗಿ ಅವರು ತಾಯ್ನಾಡಿಗೆ ಮರಳಿದರು. ಇಷ್ಟರವರೆಗಿನದು ಶ್ರಮದ ಕಥೆ. ಸಂಪತ್ತಿನ ಕಥೆ ಆರಂಭವಾಗುವುದು ಅವರು ಐಟಿಟಿ ಎಂಬ ಅಮೆರಿಕನ್ ದೂರಸಂಪರ್ಕ ಕಂಪೆನಿಯನ್ನು ಸೇರಿದ ಮೇಲೆ. ನೈಜೀರಿಯದ ಸೇನೆಯಿಂದ ಈ ಕಂಪೆನಿಗೆ ಬರಬೇಕಿದ್ದ ದೊಡ್ಡ ಬಾಕಿಯನ್ನು ಅಬಿಯೋಲ ಅಧಿಕಾರಿಗಳೆದುರು ಹಟಹಿಡಿದು ಕೂತು ವಸೂಲು ಮಾಡಿದರೆಂಬುದು ಅಲ್ಲಿ ಮನೆಮಾತಾದ ಪ್ರಸಂಗ. ಬಾಕಿ ವಸೂಲಾಯಿತು, ಅದರೊಂದಿಗೆ ಸೇನಾಧಿಕಾರಿಗಳ ಸ್ನೇಹವೂ ಬೆಳೆಯಿತು. ಎಪ್ಪತ್ತರ ದಶಕದಲ್ಲಿ ತೈಲದ ಹಣ ಹೊಳೆಯಾಗಿ ಹರಿಯುತ್ತಿದ್ದ ಆ ದೇಶದಲ್ಲಿ ಅಧಿಕಾರ ಸೇನಾಧಿಕಾರಿಗಳ ಕೈಯಲ್ಲಿತ್ತು, ಸರಕಾರಿ ಗುತ್ತಿಗೆಗಳೂ ಅವರ ಕೈಯಲ್ಲಿಯೇ ಇದ್ದವು. ದೇಶದ ದೂರವಾಣಿ ವ್ಯವಸ್ಥೆಯ ಗುತ್ತಿಗೆ ಐಟಿಟಿಯ ಪಾಲಾಯಿತು. ಅಬಿಯೋಲ ಅದರ ನೈಜೀರಿಯ ಶಾಖೆಯ ಅಧ್ಯಕ್ಷರಾದರು, ಆಫ್ರಿಕಾ ಹಾಗೂ ಮಧ್ಯಪ್ರಾಚ್ಯದ ಉಪಾಧ್ಯಕ್ಷರೂ ಆದರು. ಕೋಟಿ ಕೋಟಿ ವೆಚ್ಚವಾದರೂ ಸಾಮಾನ್ಯ ನೈಜೀರಿಯನ್ನನ ದೂರವಾಣಿ ಮಾತ್ರ ಮೂಕವಾಗಿಯೇ ಉಳಿಯಿತು. ಖ್ಯಾತ ಸಂಗೀತಗಾರ ಫೆಲಾ ಕೂಟಿ ಅಬಿಯೋಲರನ್ನೂ ಒಬಸಾಂಜೊರನ್ನೂ ಹೆಸರಿಸಿ, ಕಂಪೆನಿಯ ಹೆಸರಿನ ಅಕ್ಷರಗಳನ್ನೇ ಕಳ್ಳತನದ ಸಂಕೇತವಾಗಿ ತಿರುಚಿ ಹಾಡೊಂದನ್ನು ಕಟ್ಟಿದರು. ಆ ಹಾಡು ಇಂದಿಗೂ ಜೀವಂತವಾಗಿದೆ. ಅಬಿಯೋಲರ ಅಭಿಮಾನಿಗಳು ಅದನ್ನು ಮರೆಯಲು ಬಯಸುತ್ತಾರೆ. ನಾವು ಮರೆಯಬಾರದು.

ಅಬಿಯೋಲರ ದಾನದ ಕೈ ದೊಡ್ಡದಾಗಿತ್ತೆಂಬುದನ್ನು ಅವರ ಟೀಕಾಕಾರರೂ ಅಲ್ಲಗಳೆದಿಲ್ಲ. ಮಸೀದಿಗಳಿಗೂ ಚರ್ಚುಗಳಿಗೂ ಶಾಲೆ, ಗ್ರಂಥಾಲಯ, ಕುಡಿಯುವ ನೀರಿನ ಯೋಜನೆಗಳಿಗೂ ಅವರು ಧರ್ಮಭೇದವಿಲ್ಲದೆ ಕೊಟ್ಟರು. ನೈಜೀರಿಯದ ಇಸ್ಲಾಮೀ ವ್ಯವಹಾರಗಳ ಸರ್ವೋಚ್ಚ ಮಂಡಳಿಯ ಉಪಾಧ್ಯಕ್ಷರಾಗಿದ್ದ ಅವರಿಗೆ ಕ್ರೈಸ್ತ ಪ್ರದೇಶಗಳಲ್ಲಿಯೂ ಇದ್ದ ಜನಪ್ರಿಯತೆಗೆ ಈ ಔದಾರ್ಯ ಕಾರಣ. ಊರೂರಿನ ಅರಸರು ಕೊಟ್ಟ ಸಾಂಪ್ರದಾಯಿಕ ಬಿರುದುಗಳ ಸಂಖ್ಯೆ ಇನ್ನೂರರ ಸಮೀಪಕ್ಕೆ ಬಂದಿತ್ತೆನ್ನುತ್ತಾರೆ. ಅವುಗಳಲ್ಲಿ ಅತ್ಯುನ್ನತವಾದುದು 1988ರಲ್ಲಿ ಓಯೊದ ಅರಸರಿಂದ ಬಂದ ಯೊರುಬಾ ಮಹಾದಂಡನಾಯಕ ಪದವಿ. ಯಾವ ಸೈನ್ಯವೂ ಇಲ್ಲದ ಈ ದಂಡನಾಯಕನಿಗೆ ನಿಜವಾದ ಸೈನ್ಯದೊಡನೆ ಹೋರಾಡುವ ಸರದಿ ಮುಂದೆ ಬರಲಿತ್ತು.

ಆದರೆ ದಾನವು ಗಳಿಕೆಯ ಮಾರ್ಗದ ಕುರಿತ ಪ್ರಶ್ನೆಯನ್ನು ಅಳಿಸಿಹಾಕುತ್ತದೆಯೇ? ಗಳಿಸಿದ್ದೆಲ್ಲಿಂದ, ಖರ್ಚು ಮಾಡಿದ್ದೆಲ್ಲಿ ಎಂಬ ಎರಡು ಪ್ರಶ್ನೆಗಳಿಗೆ ಉತ್ತರಿಸದೆ ಯಾರೂ ಅಂತಿಮ ವಿಚಾರಣೆಯಿಂದ ಪಾರಾಗಲಾರರೆಂದು ಬಾಲ್ಯದಿಂದಲೇ ಕಲಿತ ಸಮುದಾಯ ನಮ್ಮದು. ಎರಡನೆಯ ಪ್ರಶ್ನೆಗೆ ಅಬಿಯೋಲರ ಬಳಿ ಉತ್ತಮ ಉತ್ತರವಿತ್ತು. ಮೊದಲನೆಯದು ಕೊನೆಯವರೆಗೂ ಅವರನ್ನು ಬೆನ್ನಟ್ಟಿತು. ಅವರ ಗೃಹಜೀವನವೂ ಮಾದರಿಯಾಗಿರಲಿಲ್ಲ. ಮರಣಾನಂತರ ತಾವೂ ಪತ್ನಿ, ತಾವೂ ಸಂತಾನ ಎಂದು ಆಸ್ತಿಯಲ್ಲಿ ಪಾಲು ಕೇಳಿ ಬಂದವರ ಸಂಖ್ಯೆ ಎಷ್ಟಿತ್ತೆಂದರೆ ಡಿಎನ್ಎ ಪರೀಕ್ಷೆಯ ಮೊರೆಹೋಗಬೇಕಾಯಿತು. ಶರೀಅತ್ ವಿಧಿಸಿದ ನಾಲ್ಕರ ಮಿತಿ ಮತ್ತು ಅದಕ್ಕೆ ಜೋಡಿಸಿದ ನ್ಯಾಯದ ಕಠಿಣ ಶರತ್ತು ಶ್ರೀಮಂತರಿಗೆ ಅನ್ವಯಿಸುವುದಿಲ್ಲವೆಂಬ ಭಾವನೆ ಲಾಗೋಸಿನಲ್ಲಿ ಮಾತ್ರ ಇರುವಂಥದ್ದಲ್ಲ. ಇರಲಿ.

ಅಬಿಯೋಲರಿಗೆ ಅಧಿಕೃತ ರಾಯಭಾರಿಯ ಹುದ್ದೆ ಎಂದೂ ಇರಲಿಲ್ಲ. ಆದರೆ ರಾಯಭಾರಿಗಳು ಮಾಡಲು ಅಂಜಿದ ಕೆಲಸವೊಂದನ್ನು ಅವರು ಮಾಡಿದರು. ಅಟ್ಲಾಂಟಿಕ್ ಸಾಗರದಾಚೆಗೆ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಸರಪಳಿಯಲ್ಲಿ ಬಿಗಿದು ಹಡಗಿಗೇರಿಸಿದ ಗುಲಾಮ ವ್ಯಾಪಾರಕ್ಕೂ ಅನಂತರದ ವಸಾಹತು ಸುಲಿಗೆಗೂ ಪರಿಹಾರ ಸಲ್ಲಬೇಕೆಂಬ ಬೇಡಿಕೆ ಅದುವರೆಗೆ ವಿದ್ವಾಂಸರ ಮತ್ತು ಕರಿಯರ ಸಂಘಟನೆಗಳ ಮಾತಾಗಿತ್ತು. ಅಬಿಯೋಲ ಅದನ್ನು ಆಫ್ರಿಕಾದ ಸರಕಾರಗಳ ಮೇಜಿಗೆ ತಂದರು. ಸ್ವಂತ ಹಣ ಸುರಿದರು, ಸಮ್ಮೇಳನಗಳನ್ನು ನಡೆಸಿದರು, ಅಮೆರಿಕದ ಕಪ್ಪು ಜನಾಂಗದ ನಾಯಕರೊಡನೆ ಸಂಬಂಧ ಬೆಳೆಸಿದರು. 1992ರಲ್ಲಿ ಆಫ್ರಿಕನ್ ಏಕತಾ ಸಂಘಟನೆ ಈ ಕುರಿತು ಗಣ್ಯರ ಸಮಿತಿಯೊಂದನ್ನು ರಚಿಸಿದಾಗ ಅದರ ಅಧ್ಯಕ್ಷರಾದವರು ಅಬಿಯೋಲ. ಕೆನ್ಯಾದ ವಿದ್ವಾಂಸ ಅಲಿ ಮಝ್ರೂಯಿ, ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಮ್ ಮಕೇಬಾ, ಜಮೈಕಾದ ರಾಜತಾಂತ್ರಿಕ ಡಡ್ಲಿ ಥಾಂಪ್ಸನ್ ಸದಸ್ಯರಾಗಿದ್ದರು. 1993ರ ಏಪ್ರಿಲ್ ಕೊನೆಯಲ್ಲಿ ನಡೆದ ಸಮ್ಮೇಳನ ಅಬುಜಾ ಘೋಷಣೆಯನ್ನು ಹೊರಡಿಸಿತು. ಗುಲಾಮಗಿರಿಯ ಹಾನಿ ಗತಕಾಲದ ಸಂಗತಿಯಲ್ಲ, ಇಂದಿನ ಬದುಕುಗಳಲ್ಲೂ ಅದು ಮುಂದುವರಿದಿದೆ ಎಂಬುದು ಅದರ ತಿರುಳು. ಮುಂದಿನ ತಿಂಗಳಲ್ಲಿಯೇ ಬ್ರಿಟನ್ನಿನ ಕಪ್ಪು ಸಂಸದ ಬರ್ನಿ ಗ್ರಾಂಟ್ ಅದನ್ನು ಅಲ್ಲಿನ ಸಂಸತ್ತಿನಲ್ಲಿ ಪ್ರಸ್ತಾಪಿಸಿದರು. ಪಶ್ಚಿಮದ ರಾಜಧಾನಿಗಳಿಗೆ ಈ ಧ್ವನಿ ಹಿತವಾಗಿರಲು ಸಾಧ್ಯವಿರಲಿಲ್ಲ. 2025ರಲ್ಲಿ ಆಫ್ರಿಕನ್ ಒಕ್ಕೂಟವು ಪರಿಹಾರದ ಮೂಲಕ ನ್ಯಾಯ ಎಂಬುದನ್ನೇ ತನ್ನ ವರ್ಷದ ಧ್ಯೇಯವಿಷಯವಾಗಿ ಸ್ವೀಕರಿಸಿದಾಗ ಅಬಿಯೋಲರ ಹೆಸರನ್ನು ನೆನೆದವರು ಬಹಳ ಮಂದಿಯೇನಲ್ಲ.

ಅಬುಜಾ ಘೋಷಣೆಯಾಗಿ ಆರು ವಾರಗಳಲ್ಲಿ ನೈಜೀರಿಯದಲ್ಲಿ ಅಧ್ಯಕ್ಷೀಯ ಚುನಾವಣೆ. ಈ ಚುನಾವಣೆಯೇ ಒಂದು ವಿಚಿತ್ರ. ಸೇನಾಡಳಿತಗಾರ ಇಬ್ರಾಹೀಮ್ ಬಬಂಗಿಡ ಪಕ್ಷಗಳನ್ನು ನೋಂದಾಯಿಸುವ ಬದಲು ತಾವೇ ಎರಡು ಪಕ್ಷಗಳನ್ನು ಸ್ಥಾಪಿಸಿದ್ದರು. ಒಂದು ಸ್ವಲ್ಪ ಎಡಕ್ಕೆ, ಇನ್ನೊಂದು ಸ್ವಲ್ಪ ಬಲಕ್ಕೆ. ಎರಡರ ಪ್ರಣಾಳಿಕೆಗಳನ್ನೂ ಸರಕಾರವೇ ಬರೆಸಿತ್ತು. ಎಡದ ಪಕ್ಷದಿಂದ ಅಬಿಯೋಲ, ಬಲದ ಪಕ್ಷದಿಂದ ಉತ್ತರದ ಕಾನೋ ನಗರದ ಉದ್ಯಮಿ ಬಶೀರ್ ಟೋಫಾ. ಅಬಿಯೋಲ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆಯ್ದುಕೊಂಡದ್ದು ಬಾಬಾ ಗಾನಾ ಕಿಂಗಿಬೆ ಎಂಬ ಮುಸ್ಲಿಮ್ ರಾಜತಾಂತ್ರಿಕರನ್ನು. ಮುಸ್ಲಿಮರೂ ಕ್ರೈಸ್ತರೂ ಬಹುತೇಕ ಸಮಬಲದಲ್ಲಿರುವ ದೇಶದಲ್ಲಿ ಎರಡೂ ಸ್ಥಾನಗಳಿಗೆ ಮುಸ್ಲಿಮರೇ ನಿಂತರೆ ಕ್ರೈಸ್ತರು ಮತ ಕೊಟ್ಟಾರೆಯೇ ಎಂದು ಪಂಡಿತರು ಸಂಶಯಿಸಿದ್ದರು. 1993ರ ಜೂನ್ 12ರಂದು ಮತದಾರರು ಈ ಸಂಶಯಕ್ಕೆ ಉತ್ತರ ಕೊಟ್ಟರು. ಆಯಾ ಮತಗಟ್ಟೆಯಲ್ಲಿಯೇ ಎಲ್ಲರೆದುರು ಎಣಿಸಿ ಪ್ರಕಟಿಸಿದ ಫಲಿತಾಂಶಗಳನ್ನು ಕೂಡಿಸಿದಾಗ ಅಬಿಯೋಲರಿಗೆ ಸುಮಾರು 83 ಲಕ್ಷ ಮತಗಳು, ಟೋಫಾ ಅವರಿಗೆ ಸುಮಾರು 59 ಲಕ್ಷ. ಟೋಫಾರ ತವರಾದ ಕಾನೋದಲ್ಲಿಯೂ ಗೆದ್ದದ್ದು ದಕ್ಷಿಣದ ಅಬಿಯೋಲ. ಬುಡಕಟ್ಟಿನ ಮತ್ತು ಧರ್ಮದ ಗೋಡೆಗಳನ್ನು ಒಂದು ದಿನದ ಮಟ್ಟಿಗಾದರೂ ಆ ಜನ ಬದಿಗೆ ಸರಿಸಿದ್ದರು. ಮುಂದೆ 2023ರಲ್ಲಿ ಬೋಲಾ ಟಿನುಬು ಇಂಥದ್ದೇ ಜೋಡಿಯೊಂದಿಗೆ ಗೆದ್ದಾಗ ಎದ್ದ ಕೋಲಾಹಲವನ್ನು ಗಮನಿಸಿದರೆ, ಮೂವತ್ತು ವರ್ಷಗಳಲ್ಲಿ ಆ ದೇಶ ಯಾವ ದಿಕ್ಕಿಗೆ ನಡೆದಿದೆ ಎಂಬುದು ತಿಳಿಯುತ್ತದೆ.

ಜೂನ್ 23ರಂದು ಚುನಾವಣೆಯನ್ನೇ ರದ್ದುಗೊಳಿಸಲಾಯಿತು. ಘೋಷಣೆಯ ಕಾಗದದಲ್ಲಿ ಯಾರ ಸಹಿಯೂ ಇರಲಿಲ್ಲ!

ಮೂರು ದಿನಗಳ ಬಳಿಕ ಬಬಂಗಿಡ ರಾಷ್ಟ್ರವನ್ನುದ್ದೇಶಿಸಿ ಮಾಡಿದ ಭಾಷಣದಲ್ಲಿ ಕೊಟ್ಟ ಕಾರಣಗಳು ಗಮನಾರ್ಹ. ಚುನಾವಣೆಯಲ್ಲಿ ಹಣ ಹರಿದಿದೆ ಎಂಬುದು ಒಂದು. ಅಭ್ಯರ್ಥಿಗಳಿಬ್ಬರಿಗೂ ಸರಕಾರದೊಡನೆ ವ್ಯಾವಹಾರಿಕ ಸಂಬಂಧಗಳಿದ್ದು, ಅಧ್ಯಕ್ಷರಾದರೆ ಹಿತಾಸಕ್ತಿಗಳ ಸಂಘರ್ಷವುಂಟಾಗುತ್ತದೆ ಎಂಬುದು ಇನ್ನೊಂದು. ನಿನ್ನೆಯವರೆಗೆ ಗುತ್ತಿಗೆಗಳನ್ನು ನೀಡಿದವರು ಇಂದು ಅದೇ ಗುತ್ತಿಗೆಗಳನ್ನು ಅನರ್ಹತೆಯ ಪುರಾವೆಯಾಗಿ ಮುಂದಿಟ್ಟರು. ಅಧಿಕಾರದ ನೆರಳಿನಲ್ಲಿ ಬೆಳೆಯುವ ಸಂಪತ್ತಿನ ಕೀಲಿಕೈ ಕೊನೆಗೂ ಅಧಿಕಾರದ ಬಳಿಯೇ ಇರುತ್ತದೆ. ಇದನ್ನು ಅಬಿಯೋಲರಷ್ಟು ದುಬಾರಿ ಬೆಲೆ ತೆತ್ತು ಕಲಿತವರು ವಿರಳ. ಬಬಂಗಿಡ ಅವರ ಆಪ್ತ ಮಿತ್ರರಾಗಿದ್ದರು ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಅಬಿಯೋಲ ಲಂಡನ್ನಿಗೆ ಹೋದರು, ವಾಷಿಂಗ್ಟನ್ನಿಗೆ ಹೋದರು. ಪ್ರಜಾಪ್ರಭುತ್ವದ ಪಾಠ ಹೇಳುವ ರಾಜಧಾನಿಗಳಿಂದ ಸಹಾನುಭೂತಿಯ ಮಾತುಗಳೂ ಕೆಲವು ಸಣ್ಣಪುಟ್ಟ ನಿರ್ಬಂಧಗಳೂ ದೊರೆತವು. ತೈಲದ ವ್ಯಾಪಾರಕ್ಕೆ ಮಾತ್ರ ಯಾರೂ ಕೈಹಚ್ಚಲಿಲ್ಲ. ಸ್ವದೇಶದಲ್ಲಿ ಅವರ ಪಕ್ಷದ ಮುಂದಾಳುಗಳು ಒಬ್ಬೊಬ್ಬರಾಗಿ ಜಾರತೊಡಗಿದ್ದರು. ಆಗಸ್ಟಿನಲ್ಲಿ ಬಬಂಗಿಡ ಕೆಳಗಿಳಿದು ಅರ್ನೆಸ್ಟ್ ಶೊನೆಕನ್ ಎಂಬ ಉದ್ಯಮಿಯನ್ನು ಮಧ್ಯಂತರ ಆಡಳಿತಕ್ಕೆ ಕೂರಿಸಿದರು. ಶೊನೆಕನ್ ಕೂಡ ಅಬೆಯೋಕುಟ ಮೂಲದವರೇ. ನವೆಂಬರಿನಲ್ಲಿ ಜನರಲ್ ಸಾನಿ ಅಬಾಚ ಅವರನ್ನೂ ಕಿತ್ತೊಗೆದರು. ಅಬಾಚ ತಮಗೆ ನ್ಯಾಯ ಕೊಡಿಸಿಯಾರೆಂದು ಅಬಿಯೋಲ ಆರಂಭದಲ್ಲಿ ನಂಬಿದರು; ಸೇನಾಧಿಕಾರಿಗಳ ಸ್ನೇಹದ ಹಳೆಯ ಭ್ರಮೆ ಇನ್ನೂ ಹರಿದಿರಲಿಲ್ಲ. ಅವರೊಂದಿಗೆ ಉಪಾಧ್ಯಕ್ಷರಾಗಿ ಆಯ್ಕೆಯಾಗಿದ್ದ ಕಿಂಗಿಬೆ, ಅಬಾಚ ಸರಕಾರದ ವಿದೇಶಾಂಗ ಸಚಿವರಾದರು. ಜನರ ತೀರ್ಪನ್ನು ತುಳಿದವರ ಪರವಾಗಿ ಜಗತ್ತಿನೆದುರು ವಾದಿಸುವ ಹೊಣೆಯನ್ನು ಆ ತೀರ್ಪಿನ ಪಾಲುದಾರರೇ ಹೊತ್ತುಕೊಂಡರು.

1994ರ ಜೂನ್ 11ರಂದು ಲಾಗೋಸಿನ ಎಪೆಟೆಡೊ ಎಂಬಲ್ಲಿ ಅಬಿಯೋಲ ತಮ್ಮನ್ನು ನೈಜೀರಿಯದ ನ್ಯಾಯಸಮ್ಮತ ಅಧ್ಯಕ್ಷರೆಂದು ಘೋಷಿಸಿಕೊಂಡರು. ಈ ದಿನದಿಂದಾಚೆಗಿನ ಅಬಿಯೋಲ ಬೇರೆಯೇ ಮನುಷ್ಯ. ಅಲ್ಲಿಯವರೆಗೆ ಬದುಕಿನಲ್ಲಿ ಪ್ರತಿಯೊಂದಕ್ಕೂ ಒಂದು ಬೆಲೆ ಇದೆಯೆಂದು ನಂಬಿ ನಡೆದ ವ್ಯಾಪಾರಿ, ತನ್ನ ಬಳಿಯಿದ್ದ ಒಂದು ವಸ್ತುವನ್ನು ಮಾತ್ರ ಮಾರಲಾರೆನೆಂದು ಹಟಹಿಡಿದರು. ಜೂನ್ 23ರಂದು ಬಂಧನವಾಯಿತು. ದೇಶದ್ರೋಹದ ಆರೋಪ. ಅವರ ಬೆಂಬಲಕ್ಕೆ ತೈಲ ಕಾರ್ಮಿಕರು ವಾರಗಟ್ಟಲೆ ಮುಷ್ಕರ ಹೂಡಿದರು, ಅದರ ನಾಯಕ ಫ್ರಾಂಕ್ ಕೊಕೊರಿ ಸೆರೆಮನೆ ಸೇರಿದರು. ಅಬಿಯೋಲರ ಕಾಂಕಾರ್ಡ್ ಪತ್ರಿಕೆಗಳಿಗೆ ಬೀಗ ಬಿತ್ತು, ಉದ್ಯಮಗಳು ಒಣಗಿದವು. ಷರತ್ತುಗಳಿಗೊಪ್ಪಿದರೆ ಬಿಡುಗಡೆ ಎಂಬ ಪ್ರಸ್ತಾಪಗಳು ಬಂದವು. ಸಾರಾಂಶದಲ್ಲಿ, ಗೆಲುವನ್ನು ಬಿಟ್ಟುಕೊಟ್ಟು ಮನೆಗೆ ಹೋಗು ಎಂಬುದು. ಅವರು ಒಪ್ಪಲಿಲ್ಲ. ಮತವೆಂಬುದು ಅಮಾನತ್, ಅಂದರೆ ವಿಶ್ವಾಸವಿಟ್ಟು ಒಪ್ಪಿಸಿದ ಸೊತ್ತು. ಒಪ್ಪಿಸಿಕೊಂಡವನಿಗೆ ಅದನ್ನು ಕಾಯುವ ಹಕ್ಕಿದೆಯೇ ಹೊರತು ಮಾರುವ ಹಕ್ಕಿಲ್ಲ. ಈ ವಾದವನ್ನು ವೇದಿಕೆಗಳಲ್ಲಿ ಹೇಳುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ನಾಲ್ಕು ವರ್ಷ ಏಕಾಂತದ ಸೆರೆಯಲ್ಲಿ ಕುಳಿತು ಅದನ್ನು ಪಾಲಿಸಿದವರು ಎಷ್ಟು ಮಂದಿ?

ಸೆರೆಯ ಹೊರಗೆ ಈ ಹೋರಾಟವನ್ನು ಹೊತ್ತವರು ಅವರ ಪತ್ನಿ ಕುದಿರತ್. ಇಜೆಬು ಓಡೆಯ ಮುಸ್ಲಿಮ್ ಶಾಲೆಯಲ್ಲಿ ಓದಿದ ಈ ಮಹಿಳೆ, ಏಳು ಮಕ್ಕಳ ತಾಯಿ. ಗಂಡನ ಬಂಧನದ ಬಳಿಕ ಅವರು ಮನೆಯಲ್ಲಿ ಕುಳಿತು ಕಣ್ಣೀರಿಡಲಿಲ್ಲ. ಮುಷ್ಕರನಿರತ ಕಾರ್ಮಿಕರನ್ನು ಸಂಘಟಿಸಿದರು, ವಿದೇಶಿ ಪತ್ರಕರ್ತರೊಡನೆ ಮಾತಾಡಿದರು, ಬೀದಿಗಿಳಿದರು. ಗಂಡನಿಗಿಂತಲೂ ಸೇನಾಡಳಿತಕ್ಕೆ ಹೆಚ್ಚು ತಲೆನೋವಾದವರು ಅವರೇ ಎಂದರೆ ಅತಿಶಯೋಕ್ತಿಯಾಗದು. 1996ರ ಜೂನ್ 4ರಂದು ಲಾಗೋಸಿನಲ್ಲಿ ಅವರ ಕಾರಿನ ಮೇಲೆ ಗುಂಡಿನ ಮಳೆಗರೆದು ಕೊಲ್ಲಲಾಯಿತು. ಅಬಾಚರ ಭದ್ರತಾ ಪಡೆಯ ಸಾರ್ಜೆಂಟನೊಬ್ಬ ಮುಂದೆ ತನಿಖೆಯಲ್ಲಿ ಕೃತ್ಯವನ್ನು ಒಪ್ಪಿಕೊಂಡು, ಅನಂತರ ನ್ಯಾಯಾಲಯದಲ್ಲಿ ಹೇಳಿಕೆ ಬದಲಿಸಿದ. ಅಬಾಚರ ಮುಖ್ಯ ಭದ್ರತಾಧಿಕಾರಿ ಹಂಝಾ ಅಲ್ ಮುಸ್ತಫಾರಿಗೆ 2012ರಲ್ಲಿ ಮರಣದಂಡನೆ ವಿಧಿಸಲಾಯಿತು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. ನ್ಯೂಯಾರ್ಕಿನಲ್ಲಿ ನೈಜೀರಿಯದ ಕಚೇರಿಯ ಪಕ್ಕದ ರಸ್ತೆತಿರುವಿಗೆ ಕುದಿರತ್ ಅವರ ಹೆಸರಿಟ್ಟಾಗ ಅಬಾಚ ಸರಕಾರಕ್ಕೆ ಆದ ಮುಜುಗರವೇ ಅವರಿಗೆ ಸಂದ ಮೊದಲ ಗೌರವ. ಅಬಿಯೋಲರ ಚರಿತ್ರೆ ಬರೆಯುವವರು ಕುದಿರತ್‌ರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಮುಸ್ಲಿಮ್ ಮಹಿಳೆಗೆ ಸಾರ್ವಜನಿಕ ಬದುಕೇ ಇಲ್ಲವೆಂದು ತೀರ್ಮಾನಿಸಿದ ಎರಡೂ ಕಡೆಯ ಮಂದಿಗೆ, ನಮ್ಮೊಳಗಿನವರಿಗೂ ಹೊರಗಿನವರಿಗೂ, ಆ ಒಂದು ಸಾಲು ಅನುಕೂಲಕರ.

1998ರ ಜೂನ್ 8ರಂದು ಅಬಾಚ ಹಠಾತ್ತನೆ ಮೃತರಾದರು. ಅಧಿಕಾರಕ್ಕೆ ಬಂದ ಜನರಲ್ ಅಬ್ದುಸ್ಸಲಾಮಿ ಅಬೂಬಕರ್ ರಾಜಕೀಯ ಕೈದಿಗಳನ್ನು ಬಿಡತೊಡಗಿದರು. ಆದರೆ ಅಬಿಯೋಲರ ಬಿಡುಗಡೆಗೆ ಮೊದಲು ರಾಜತಾಂತ್ರಿಕರ ಸಾಲು ಬಂತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಬಂದಾಗ ಅಬಿಯೋಲರಿಗೆ ಅವರ ಗುರುತೇ ಸಿಗಲಿಲ್ಲ; ಆ ಈಜಿಪ್ಟಿನವರು ಏನಾದರು ಎಂದು ಹಿಂದಿನ ಮಹಾಕಾರ್ಯದರ್ಶಿ ಬುತ್ರೋಸ್ ಘಾಲಿಯವರ ಬಗ್ಗೆ ವಿಚಾರಿಸಿದರೆಂದು ಅನ್ನಾನರೇ ಮುಂದೆ ಹೇಳಿದ್ದಾರೆ. ಜಗತ್ತಿನ ನಾಯಕರೊಡನೆ ಒಡನಾಡಿದ್ದ ವ್ಯಕ್ತಿಗೆ, ವಿಶ್ವಸಂಸ್ಥೆಯ ಮುಖ್ಯಸ್ಥರು ಬದಲಾಗಿ ಒಂದೂವರೆ ವರ್ಷವಾಗಿದೆ ಎಂಬುದೇ ತಿಳಿದಿರಲಿಲ್ಲ. ನಾಲ್ಕು ವರ್ಷಗಳ ಏಕಾಂತವನ್ನು ವರ್ಣಿಸಲು ಇದಕ್ಕಿಂತ ಹೆಚ್ಚಿನ ಮಾತು ಬೇಕಾಗಿಲ್ಲ. ಅಬಿಯೋಲ ಅಧ್ಯಕ್ಷಪದವಿಗಾಗಿ ಪಟ್ಟುಹಿಡಿಯುವುದಿಲ್ಲ ಎಂಬ ಅರ್ಥದ ಹೇಳಿಕೆ ಅನ್ನಾನರಿಂದ ಹೊರಬಿತ್ತು. ಮಾತುಕತೆಯಲ್ಲಿ ಸಾಕ್ಷಿಗೆ ಅಬಿಯೋಲರ ಕಡೆಯವರು ಯಾರೂ ಇರಲಿಲ್ಲ.

ಜುಲೈ 7ರಂದು ಅಮೆರಿಕದ ನಿಯೋಗ ಬಂತು. ಥಾಮಸ್ ಪಿಕರಿಂಗ್, ಸೂಸನ್ ರೈಸ್ ಅವರೊಡನೆ ಅಬುಜಾದ ಅತಿಥಿಗೃಹದಲ್ಲಿ ಮಾತುಕತೆ. ಚಹಾ ಬಂತು. ಅಬಿಯೋಲರಿಗೆ ಕೆಮ್ಮು, ಉಸಿರಾಟದ ತೊಂದರೆ. ಕೆಲವೇ ಗಂಟೆಗಳಲ್ಲಿ ಅವರು ಕೊನೆಯುಸಿರೆಳೆದರು. ಅರುವತ್ತು ವರ್ಷ ಪ್ರಾಯ. ವಿದೇಶಿ ತಜ್ಞರು ಸೇರಿ ನಡೆಸಿದ ಮರಣೋತ್ತರ ಪರೀಕ್ಷೆ ಹೃದ್ರೋಗದ ಸಹಜ ಮರಣವೆಂದಿತು. ನೈಜೀರಿಯದ ಬೀದಿಗಳು ಚಹಾದ ಲೋಟವನ್ನು ಇಂದಿಗೂ ಮರೆತಿಲ್ಲ. ಸಾಕ್ಷ್ಯವಿಲ್ಲದ ಸಂಶಯವನ್ನು ಸತ್ಯವೆಂದು ಹಂಚುವುದು ಪತ್ರಿಕೆಯ ಧರ್ಮವಲ್ಲ. ನಾವು ಪರೀಕ್ಷೆಯ ವರದಿಯನ್ನೇ ಸ್ವೀಕರಿಸುತ್ತೇವೆ. ಆದರೆ ರೋಗಿಯೊಬ್ಬನನ್ನು ನಾಲ್ಕು ವರ್ಷ ಸರಿಯಾದ ಚಿಕಿತ್ಸೆಯಿಲ್ಲದೆ ಕೂಡಿಹಾಕಿದವರಿಗೆ ವಿಷದ ಅಗತ್ಯವಾದರೂ ಏನಿತ್ತು?

ಮರುವರ್ಷ ಚುನಾವಣೆ ನಡೆದು ಶಾಲಾಪತ್ರಿಕೆಯ ಆ ಹಳೆಯ ಉಪಸಂಪಾದಕ ಒಬಸಾಂಜೊ ಅಧ್ಯಕ್ಷರಾದರು. ಯೊರುಬಾ ಜನರಿಗಾದ ಅನ್ಯಾಯವನ್ನು ಸರಿಪಡಿಸಲೆಂದೇ ಎರಡೂ ಕಡೆಯಿಂದ ಯೊರುಬಾ ಅಭ್ಯರ್ಥಿಗಳನ್ನು ನಿಲ್ಲಿಸಲಾಗಿತ್ತು. ಅಬಿಯೋಲರ ಬಲಿದಾನದ ಫಲವುಂಡ ಒಬಸಾಂಜೊ ಎಂಟು ವರ್ಷಗಳ ಆಡಳಿತದಲ್ಲಿ ಸಹಪಾಠಿಗೆ ರಾಷ್ಟ್ರೀಯ ಗೌರವವೊಂದನ್ನು ಕೊಡುವ ಮನಸ್ಸು ಮಾಡಲಿಲ್ಲ. ಆ ಗೌರವ ಬಂದದ್ದು 2018ರಲ್ಲಿ, ಉತ್ತರದ ಮುಹಮ್ಮದು ಬುಹಾರಿಯವರಿಂದ. ದೇಶದ ಅಧ್ಯಕ್ಷರಿಗೆ ಮೀಸಲಾದ ಅತ್ಯುನ್ನತ ಪದವಿ ಮರಣೋತ್ತರವಾಗಿ ಅಬಿಯೋಲರಿಗೆ ಸಂದಿತು. ಅದರ ಕೆಳಗಿನ ಪದವಿ ಕಿಂಗಿಬೆಯವರ ಕೊರಳಿಗೂ ಬಿತ್ತು, ಅಬಾಚರ ಸಚಿವಸಂಪುಟದ ನೆನಪು ಯಾರಿಗೂ ಅಡ್ಡಿಯಾಗಲಿಲ್ಲ.

ಮೂವತ್ತೆರಡನೆಯ ವರ್ಷದಲ್ಲಿ, 2025ರ ಫೆಬ್ರವರಿ 20ರಂದು, ಎಂಬತ್ತು ದಾಟಿದ ಬಬಂಗಿಡ ಅಬುಜಾದಲ್ಲಿ ತಮ್ಮ ಆತ್ಮಕಥೆಯನ್ನು ಬಿಡುಗಡೆ ಮಾಡಿದರು. 1993ರ ಚುನಾವಣೆಯನ್ನು ಗೆದ್ದವರು ಅಬಿಯೋಲರೇ ಎಂದು ಅದರಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾರೆ. ಸಭೆಯಲ್ಲಿ ಹಾಲಿ ಹಾಗೂ ಮಾಜಿ ಅಧ್ಯಕ್ಷರುಗಳಿದ್ದರು, ದೇಶದ ಮಹಾ ಶ್ರೀಮಂತ ಉದ್ಯಮಿಗಳಿದ್ದರು. ತಪ್ಪೊಪ್ಪಿಗೆಯನ್ನು ಕೇಳಿದ ಬಳಿಕ ಆ ಉದ್ಯಮಿಗಳು ಒಬ್ಬೊಬ್ಬರಾಗಿ ಎದ್ದು, ಜನರಲ್ ಬಬಂಗಿಡರ ಹೆಸರಿನ ಗ್ರಂಥಾಲಯಕ್ಕೆ ತಮ್ಮ ತಮ್ಮ ದೇಣಿಗೆ ಘೋಷಿಸಿದರು. ಸಭೆ ಮುಗಿಯುವಷ್ಟರಲ್ಲಿ ಮೊತ್ತ ಸಾವಿರ ಕೋಟಿ ನೈರಾವನ್ನು ಮೀರಿತ್ತು.